‘ಬಯಾಪ್ಸಿಯಲ್ಲಿ ಏನೂ ಇಲ್ವಂತೆ’

ನಮ್ಮ ಕಡೆ ಯಾರಿಗಾದರೂ ಕಣ್ಣು ಹಳದಿಯಾಗಿದೆ ಅಂದರೆ ಜನ ಮೊದಲು ಕೇಳುವುದು ‘ಮದ್ದು ಎಲ್ಲಿಯದ್ದು ಕುಡಿಸಿದ್ರಿ?’ ಅಂತ. ಕಾರ್ಕಳ, ಉಡುಪಿ, ಕುಂದಾಪುರ, ಆಚೆ ಬಂಟ್ವಾಳ, ಪುತ್ತೂರು, ಎಲ್ಲಿ ಹೋದರೂ ಕಾಮಾಲೆಗೆ ಮದ್ದು ಕೊಡುವ ಒಂದು ಮನೆ ಹತ್ತಿರದಲ್ಲೇ ಇರುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಬೇಕು. ನೆಲನೆಲ್ಲಿಯನ್ನೋ, ಹೆಸರು ಹೇಳದ ಬೇರೊಂದು ಸೊಪ್ಪನ್ನೋ ಅರೆದು ಹಾಲಿನಲ್ಲಿ ಅಥವಾ ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಾರೆ. ಆಮೇಲೆ ಪಥ್ಯ. ಎಣ್ಣೆ ಇಲ್ಲ, ಮೀನು ಇಲ್ಲ, ಬರೀ ಕುಚ್ಚಲಕ್ಕಿ ಗಂಜಿ. ಎರಡು ಮೂರು ವಾರದಲ್ಲಿ ಹಳದಿ ಇಳಿಯುತ್ತದೆ, ಮದ್ದು ಕೊಟ್ಟವರಿಗೆ ಒಳ್ಳೆ ಹೆಸರು ಬರುತ್ತದೆ. ಆ ಮನೆಗಳವರ ಬಗ್ಗೆ ನನಗೆ ಗೌರವ ಉಂಟು. ಹೆಚ್ಚಿನವರು ದುಡ್ಡು ಕೇಳುವುದಿಲ್ಲ. ಆದರೆ ಮಳೆಗಾಲದಲ್ಲಿ ಇಲ್ಲಿ ಬರುವ ಕಾಮಾಲೆಯಲ್ಲಿ ದೊಡ್ಡ ಪಾಲು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ. ಅದು ಬಹುತೇಕ ಜನರಿಗೆ ಮದ್ದು ಕುಡಿದರೂ ವಾಸಿಯಾಗುತ್ತದೆ, ಕುಡಿಯದಿದ್ದರೂ ವಾಸಿಯಾಗುತ್ತದೆ. ಇನ್ನೊಂದು ಇಲಿಜ್ವರ. ಗದ್ದೆ, ತೋಟದ ಕೆಸರಲ್ಲಿ ನಿಲ್ಲುವವರಿಗೆ ಅದರ ಭಯ ಗೊತ್ತೇ ಇದೆ. ಹೀಗೆ ಕಾಮಾಲೆ ಅಂದ ಕೂಡಲೇ ನಮ್ಮ ತಲೆಯಲ್ಲಿ ಉತ್ತರ ತಯಾರಾಗಿರುತ್ತದೆ. ಆ ತಯಾರಾದ ಉತ್ತರದ ಹಿಂದೆ ಪಿತ್ತನಾಳದ ಕ್ಯಾನ್ಸರಿನಂಥ ಬೇರೊಂದು ಕಾಯಿಲೆ ವಾರಗಟ್ಟಲೆ ಅಡಗಿ ಕೂರಬಹುದು ಅನ್ನುವುದನ್ನು ನಾನು ನನ್ನ ಸೋದರಮಾವನಲ್ಲಿ ನೋಡಿದೆ.

ಮಾವನಿಗೆ ಮೊದಲು ಶುರುವಾದದ್ದು ತುರಿಕೆ. ಹಳದಿ ಬಂದದ್ದು ಆಮೇಲೆ. ಆಟಿ ತಿಂಗಳ ಮಳೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡುವ ಸಮಯ. ಮೈಲುತುತ್ತು, ಸುಣ್ಣ ಕಲಸುವ ಕೆಲಸವನ್ನು ಮಾವ ಯಾರಿಗೂ ಬಿಟ್ಟುಕೊಡುವವರಲ್ಲ. ಅಂಗೈ, ಅಂಗಾಲು ತುರಿಸುತ್ತದೆ ಅಂದಾಗ ಎಲ್ಲರೂ ಹೇಳಿದ್ದು ‘ಮೈಲುತುತ್ತು ಹಿಡಿಯಲಿಲ್ಲ ನಿಮಗೆ’ ಅಂತ. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ರಾತ್ರಿಯಾದರೆ ತುರಿಕೆ ಜಾಸ್ತಿ. ಅತ್ತೆ ಹೇಳುತ್ತಿದ್ದರು, ಮಧ್ಯರಾತ್ರಿ ಎದ್ದು ಚಾವಡಿಯ ಕಂಬಕ್ಕೆ ಬೆನ್ನು ಉಜ್ಜುತ್ತಾ ನಿಂತಿರುತ್ತಾರೆ ಅಂತ. ನೋವಿಲ್ಲ, ಜ್ವರವಿಲ್ಲ. ಊಟ ಮಾತ್ರ ಸ್ವಲ್ಪ ಕಡಿಮೆ. ಒಂದು ದಿನ ಬೆಳಕಿನಲ್ಲಿ ಕಣ್ಣಿನ ಬಿಳಿ ಭಾಗ ಹಳದಿ ಕಂಡಿತು. ಆಗ ಎಲ್ಲರಿಗೂ ಒಂಥರಾ ಸಮಾಧಾನವೇ ಆಯಿತು. ‘ಓ, ಕಾಮಾಲೆ. ಅಷ್ಟೇ ಅಲ್ವಾ?’ ಮದ್ದಿನ ಮನೆ, ಗಂಜಿ, ಪಥ್ಯ ಶುರುವಾಯಿತು. ಹಳದಿ ಇಳಿಯಲಿಲ್ಲ. ಪಥ್ಯ ಸರಿ ಆಗಲಿಲ್ಲವೇನೋ ಅಂತ ಇನ್ನೊಂದು ಸುತ್ತು ಮದ್ದು ಆಯಿತು.

ಯಾರೂ ಕೇಳದ ಪ್ರಶ್ನೆ

ಅಷ್ಟು ದಿನದಲ್ಲಿ ಯಾರೂ ಮಾವನ ಹತ್ತಿರ ಮಲದ ಬಣ್ಣ ಏನು ಅಂತ ಕೇಳಿರಲಿಲ್ಲ. ನಮ್ಮಲ್ಲಿ ಅದು ಕೇಳುವ ವಿಷಯವೇ ಅಲ್ಲ. ಮಗ ಅಪ್ಪನ ಹತ್ತಿರ ಕೇಳುವುದಿಲ್ಲ. ಹೆಂಡತಿ ಕೇಳಿದರೂ ಗಂಡ ಸರಿಯಾಗಿ ಹೇಳುವುದಿಲ್ಲ. ಕೊನೆಗೆ ಮಂಗಳೂರಿನಲ್ಲಿ ಒಬ್ಬ ಕಿರಿಯ ಡಾಕ್ಟರು, ಹುಡುಗಿ, ಯಾವ ಮುಜುಗರವೂ ಇಲ್ಲದೆ ಕೇಳಿದಳು. ‘ಅಜ್ಜಾ, ಹೊರಗೆ ಹೋಗುವುದು ಎಂತ ಬಣ್ಣ ಉಂಟು?’ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿಳಿ’ ಅಂದರು. ‘ಎಷ್ಟು ದಿನದಿಂದ?’ ‘ತುಂಬಾ ದಿನ ಆಯ್ತು. ಗಂಜಿ ಮಾತ್ರ ಅಲ್ವಾ ಉಣ್ಣುದು, ಅದಕ್ಕೆ ಅಂತ ಮಾಡಿದೆ.’ ಪಕ್ಕದಲ್ಲಿ ಕೂತಿದ್ದ ಅತ್ತೆ ಅವರ ಮುಖ ನೋಡಿದರು. ಆ ಹುಡುಗಿ ಬರೆಯುವುದನ್ನು ನಿಲ್ಲಿಸಿ ಅವರ ಅಂಗೈ ತಿರುಗಿಸಿ ನೋಡಿದಳು, ತುರಿಸಿದ ಗಾಯಗಳನ್ನು ನೋಡಿದಳು. ನಂತರ ಒಳಗೆ ಹೋಗಿ ದೊಡ್ಡ ಡಾಕ್ಟರನ್ನು ಕರೆದುಕೊಂಡು ಬಂದಳು.

ಇದರ ಲೆಕ್ಕ ಕಷ್ಟದ್ದಲ್ಲ. ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ಮಾಡುತ್ತದೆ. ಲಿವರಿನ ಒಳಗಿನ ಸಣ್ಣ ಸಣ್ಣ ನಾಳಗಳು ಸೇರಿ ಎಡಕ್ಕೊಂದು ಬಲಕ್ಕೊಂದು ಆಗುತ್ತವೆ. ಆ ಎರಡೂ ಲಿವರಿನ ಬಾಗಿಲಲ್ಲಿ ಕೂಡಿ, ಒಂದೇ ನಾಳವಾಗಿ ಕೆಳಗಿಳಿದು ಸಣ್ಣ ಕರುಳಿಗೆ ಸೇರುತ್ತವೆ. ಮಲಕ್ಕೆ ಬಣ್ಣ ಬರುವುದು ಈ ಪಿತ್ತದಿಂದ. ನಾಳ ಮುಚ್ಚಿದರೆ ಕರುಳಿಗೆ ಪಿತ್ತ ಇಲ್ಲ, ಮಲ ಬಿಳಿಚುತ್ತದೆ. ತೋಟದ ಕಣಿ ಕೆಳಗೆ ಕಟ್ಟಿಕೊಂಡರೆ ಮೇಲಿನ ಕಣಿಯಲ್ಲೆಲ್ಲ ನೀರು ನಿಲ್ಲುವ ಹಾಗೆ ಪಿತ್ತ ಹಿಂದಕ್ಕೆ ನಿಂತು ರಕ್ತಕ್ಕೆ ಸೇರುತ್ತದೆ. ಆಗ ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ. ವೈರಸ್ಸಿನ ಕಾಮಾಲೆಯಲ್ಲೂ ಮೂತ್ರ ಕಂದಾಗುತ್ತದೆ, ಕೆಲವರಿಗೆ ಕೆಲವು ದಿನ ಮಲವೂ ಬಿಳಿಚಬಹುದು, ತುರಿಕೆಯೂ ಇರಬಹುದು. ಆದರೆ ಅದು ಹೆಚ್ಚಾಗಿ ಜ್ವರ, ವಾಂತಿ, ಸುಸ್ತಿನಿಂದ ಶುರುವಾಗಿ ಇಳಿಯುತ್ತಾ ಹೋಗುತ್ತದೆ. ಅರವತ್ತು ದಾಟಿದವರಲ್ಲಿ ನೋವಿಲ್ಲದೆ ಬಂದು ವಾರವಾರಕ್ಕೂ ಏರುತ್ತಾ ಹೋಗುವ ಹಳದಿ ಬೇರೆ ಜಾತಿಯದ್ದು. ರಕ್ತಪರೀಕ್ಷೆಯಲ್ಲೂ ಗುರುತು ಸಿಗುತ್ತದೆ. ವೈರಸ್ ಆದರೆ ಲಿವರಿನ ಕೋಶಗಳು ಕೆಟ್ಟಾಗ ಏರುವ ಎಸ್‌ಜಿಓಟಿ, ಎಸ್‌ಜಿಪಿಟಿ ಸಾವಿರ ದಾಟುವುದು ಸಾಮಾನ್ಯ. ಮಾವನಿಗೆ ಅವೆರಡೂ ಸ್ವಲ್ಪ ಮಾತ್ರ ಏರಿದ್ದವು. ಏರಿದ್ದು ಡೈರೆಕ್ಟ್ ಬಿಲಿರುಬಿನ್ ಮತ್ತು ಆಲ್ಕಲೈನ್ ಫಾಸ್ಫಟೇಸ್, ಪಿತ್ತ ಹರಿಯದೆ ಕಟ್ಟಿಕೊಂಡಾಗ ಏರುವ ಎರಡು ಅಂಕೆ. ಅದೇ ಎಲ್‌ಎಫ್‌ಟಿ, ಅಂದರೆ ಲಿವರಿನ ರಕ್ತಪರೀಕ್ಷೆಯ ಕಾಗದ, ಮೊದಲ ವಾರದಲ್ಲೇ ಮನೆಯ ಕಪಾಟಿನಲ್ಲಿತ್ತು. ಎಲ್ಲರೂ ಅದರಲ್ಲಿ ನೋಡಿದ್ದು ‘ಕಾಮಾಲೆ ಎಷ್ಟು’ ಅನ್ನುವ ಒಂದು ಅಂಕೆಯನ್ನು ಮಾತ್ರ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು ಅನಿಸುತ್ತದೆ. ಹಳ್ಳಿಮದ್ದಿನವರ ಜೊತೆ ಜಗಳಕ್ಕೆ ನಾನಿಲ್ಲ. ಅವರೇ ಬಂದವರ ಹತ್ತಿರ ಮಲದ ಬಣ್ಣ, ತುರಿಕೆ, ವಯಸ್ಸು, ಈ ಮೂರು ಕೇಳಿ, ಅನುಮಾನ ಬಂದರೆ ‘ಮೊದಲು ಒಂದು ಸ್ಕ್ಯಾನ್ ಮಾಡಿಸಿ ಬನ್ನಿ’ ಅಂದರೆ ಎಷ್ಟೋ ವಾರ ಉಳಿಯುತ್ತದೆ. ನಮ್ಮ ಜನ ಅವರ ಮಾತು ಕೇಳುತ್ತಾರೆ.

ಸ್ಕ್ಯಾನಿಂಗ್ ಹೇಳಿದ್ದು, ಸ್ಟೆಂಟ್ ಮುಚ್ಚಿದ್ದು

ನಿಜ ಹೇಳಬೇಕೆಂದರೆ ಮಂಗಳೂರಿಗೆ ಹೋಗುವ ಮೊದಲೇ ಇನ್ನೊಂದು ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಆಗಿತ್ತು. ಲಿವರಿನ ಒಳಗಿನ ನಾಳಗಳು ಉಬ್ಬಿವೆ, ಪಿತ್ತಕೋಶ ಮುದುಡಿದೆ ಅಂತ ಅದರಲ್ಲಿ ಬರೆದಿತ್ತು. ಅದನ್ನು ಓದಲು ಬರುವವರಿಗೆ ಆ ಒಂದು ಸಾಲೇ ದಾರಿ ತೋರಿಸುತ್ತದೆ. ಪಿತ್ತ ಕೂಡಿಡುವ ಈ ಚೀಲ ನಾಳಕ್ಕೆ ಸೇರುವುದು ಆ ಬಾಗಿಲಿಗಿಂತ ಕೆಳಗೆ. ತಡೆ ನಾಳದ ಕೆಳತುದಿಯಲ್ಲಿದ್ದರೆ ಪಿತ್ತಕೋಶವೂ ತುಂಬಿ ಉಬ್ಬಬೇಕು. ಕುರ್ವಾಸಿಯೆ ಅನ್ನುವ ಸ್ವಿಸ್ ಸರ್ಜನ್ 1890ರಲ್ಲೇ ಬರೆದಿಟ್ಟದ್ದು ಇದನ್ನೇ. ಕಾಮಾಲೆ ಇದ್ದು, ನೋವಿಲ್ಲದ ಪಿತ್ತಕೋಶ ಕೈಗೆ ಸಿಗುವಷ್ಟು ಉಬ್ಬಿದ್ದರೆ ಕಲ್ಲು ಇರುವ ಸಂಭವ ಕಡಿಮೆ ಅಂತ. ಒಳಗಿನ ನಾಳಗಳು ಮಾತ್ರ ಉಬ್ಬಿ ಪಿತ್ತಕೋಶ ಖಾಲಿ ಇದ್ದರೆ ತಡೆ ಮೇಲೆಯೇ, ಎಡ ಬಲ ಕೂಡುವ ಬಾಗಿಲಲ್ಲೇ ಇರಬೇಕು. ಪಿತ್ತನಾಳದ ಕ್ಯಾನ್ಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಇದೇ ಜಾಗದಲ್ಲಿ. ಅಮೆರಿಕದ ಜೆರಾಲ್ಡ್ ಕ್ಲಾಟ್‌ಸ್ಕಿನ್ 1965ರಲ್ಲಿ ಇಂಥ ಹದಿಮೂರು ರೋಗಿಗಳ ಬಗ್ಗೆ ಬರೆದ ಮೇಲೆ ಡಾಕ್ಟರುಗಳು ಇದನ್ನು ಕ್ಲಾಟ್‌ಸ್ಕಿನ್ ಟ್ಯೂಮರ್ ಅಂತಲೇ ಕರೆಯುತ್ತಾರೆ. ಉಳಿದವು ನಾಳದ ಕೆಳಗೆ, ಇಲ್ಲವೇ ಲಿವರಿನ ಒಳಗೆ. ಎಲ್ಲಕ್ಕೂ ಸೇರಿ ಕೊಲಾಂಜಿಯೋಕಾರ್ಸಿನೋಮಾ ಅಂತ ಹೆಸರು.

ಆ ಆಸ್ಪತ್ರೆಯಲ್ಲಿ ‘ಕಲ್ಲು ಇರಬಹುದು’ ಅಂದರು. ಬಾಯಿಯಿಂದ ಟ್ಯೂಬ್ ಇಳಿಸಿ ಪಿತ್ತನಾಳದವರೆಗೆ ಹೋಗುವ ಇಆರ್‌ಸಿಪಿ ಮಾಡಿ, ಕಲ್ಲು ಸಿಗದೆ, ಪಿತ್ತ ಹರಿಯಲಿ ಅಂತ ನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಹಾಕಿ ಕಳಿಸಿದರು. ಕಾಮಾಲೆ ಸ್ವಲ್ಪ ಇಳಿಯಿತು, ಮನೆಯವರಿಗೆ ಖುಷಿ. ಕೆಲವೇ ದಿನದಲ್ಲಿ ಗಡಗಡ ನಡುಗುವ ಚಳಿಜ್ವರ. ನಾಳಕ್ಕೆ ಸೋಂಕು. ಮಂಗಳೂರಿನ ಡಾಕ್ಟರು ಫೈಲು ನೋಡಿದವರೇ ಕೇಳಿದ್ದು, ‘ಸ್ಟೆಂಟ್ ಹಾಕುವ ಮೊದಲು ಎಂಆರ್‌ಐ ಮಾಡಿಲ್ವಾ?’ ಮಾಡಿರಲಿಲ್ಲ. ಅವರು ಕೇಳಿದ್ದು ಎಂಆರ್‌ಸಿಪಿ ಬಗ್ಗೆ, ಅಂದರೆ ಎಂಆರ್‌ಐ ಯಂತ್ರದಲ್ಲೇ ಪಿತ್ತನಾಳದ ಚಿತ್ರ ತೆಗೆಯುವುದು. ನಾಳ ಉಬ್ಬಿರುವಾಗಲೇ ತೆಗೆದರೆ ತಡೆ ಎಲ್ಲಿ ಶುರು, ಎಲ್ಲಿ ಕೊನೆ, ಎಡಕ್ಕೆ ಎಷ್ಟು ಹಬ್ಬಿದೆ, ಬಲಕ್ಕೆ ಎಷ್ಟು ಅಂತ ಚೆನ್ನಾಗಿ ಕಾಣುತ್ತದೆ. ಆಪರೇಷನ್ ಆಗುತ್ತದೋ ಇಲ್ಲವೋ ಅನ್ನುವುದೆಲ್ಲ ಅದರ ಮೇಲೆ ನಿಂತಿದೆ. ಸ್ಟೆಂಟ್ ಹೊಕ್ಕ ಮೇಲೆ ನಾಳ ಕುಗ್ಗುತ್ತದೆ, ಗೋಡೆ ಕೆರಳಿ ದಪ್ಪವಾಗುತ್ತದೆ. ಗಡ್ಡೆ ಯಾವುದು, ಊತ ಯಾವುದು ಅಂತ ಹೇಳುವುದು ಕಷ್ಟ. ಜ್ವರ ಜೋರಾಗಿದ್ದರೆ, ಸೋಂಕು ಏರುತ್ತಿದ್ದರೆ ಕಾಯುವ ಹಾಗಿಲ್ಲ, ಮೊದಲು ಪಿತ್ತ ಹರಿಸಲೇಬೇಕು. ಮಾವನಿಗೆ ಆಗ ಜ್ವರವೇ ಇರಲಿಲ್ಲ. ಒಂದೆರಡು ದಿನ ಕಾದು ಚಿತ್ರ ತೆಗೆಯಬಹುದಿತ್ತು. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ. ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಹೌದು ಅಂದದ್ದು, ಇಲ್ಲ ಅಂದದ್ದು

ಈಗ ನನ್ನನ್ನು ತುಂಬಾ ಕಾಡಿದ ಭಾಗ. ಎರಡು ರಿಪೋರ್ಟುಗಳು ಹೆಚ್ಚುಕಡಿಮೆ ಒಟ್ಟಿಗೆ ಬಂದವು. ಒಂದು ರಕ್ತದ್ದು, ಕೆಲವು ಕ್ಯಾನ್ಸರುಗಳಲ್ಲಿ ಏರುವ ಸಿಎ 19-9 ಅನ್ನುವ ಅಂಶದ್ದು. ಅದು 37ರ ಒಳಗಿರಬೇಕು, ಮಾವನದ್ದು ಸಾವಿರದ ಹತ್ತಿರ. ಭಾವ ಫೋನಿನಲ್ಲಿ ಅದನ್ನು ಹುಡುಕಿ ಓದಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಇನ್ನೊಂದು ಬ್ರಷ್ ಬಯಾಪ್ಸಿ. ಮತ್ತೊಮ್ಮೆ ಇಆರ್‌ಸಿಪಿ ಮಾಡುವಾಗ ಸಣ್ಣ ಬ್ರಷ್ಷಿನಿಂದ ನಾಳದ ಒಳಗೋಡೆ ಉಜ್ಜಿ ತೆಗೆದ ಕೋಶಗಳ ಪರೀಕ್ಷೆ. ಅದು ನೆಗೆಟಿವ್.

ಅತ್ತೆ ನನಗೆ ಫೋನ್ ಮಾಡಿ ‘ಬಯಾಪ್ಸಿಯಲ್ಲಿ ಏನೂ ಇಲ್ವಂತೆ’ ಅಂದರು. ಅವರ ದನಿಯಲ್ಲಿ ಅಂಥ ಸಂತೋಷವನ್ನು ನಾನು ತುಂಬಾ ದಿನದಿಂದ ಕೇಳಿರಲಿಲ್ಲ. ನಾನು ಹೋಗುವಾಗ ಮನೆ ತುಂಬ ಜನ. ಚಿಕ್ಕಮ್ಮ ಪಾಯಸ ಮಾಡಿದ್ದರು. ಕಟೀಲಿಗೆ ಹೂವಿನ ಪೂಜೆ ಹೇಳಿಕೊಂಡದ್ದನ್ನು ಯಾವಾಗ ಮಾಡಿಸುವುದು ಅಂತ ಮಾತು ನಡೆಯುತ್ತಿತ್ತು. ಪಕ್ಕದ ಮನೆಯವರು ಬಂದು, ‘ನಾನು ಆಗಲೇ ಹೇಳಿದ್ದೆ ಮಾರಾಯ್ರೆ, ಈ ಆಸ್ಪತ್ರೆಯವರು ಸುಮ್ನೆ ಹೆದರಿಸುದು’ ಅಂದರು. ಮಾವ ಮಾತ್ರ ಆರಾಮಕುರ್ಚಿಯಲ್ಲಿ ಕೂತು ಅಂಗೈ ನೋಡಿಕೊಳ್ಳುತ್ತಿದ್ದರು. ‘ಮಗಾ, ಇಲ್ಲ ಅಂತಾದರೆ ಇದು ಮತ್ತೆ ಎಂತ?’ ಅಂತ ಕೇಳಿದರು. ಆ ಮನೆಯಲ್ಲಿ ಆ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ಮರುದಿನ ಭಾವ, ಅತ್ತೆ, ನಾನು ಡಾಕ್ಟರ ಎದುರು ಕೂತೆವು. ಅವರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ‘ಇದು ಹೌದು ಅಂತ ಹೇಳಿದ ಹಾಗೆ ಕಾಣುತ್ತದೆ, ಇದು ಇಲ್ಲ ಅಂತ. ಎರಡನ್ನೂ ನಾನು ಹಾಗೇ ನಂಬುವುದಿಲ್ಲ’ ಅಂದರು. ಸಿಎ 19-9 ಕ್ಯಾನ್ಸರಿನಲ್ಲಿ ಏರುತ್ತದೆ, ಸರಿ. ಆದರೆ ಪಿತ್ತ ಕಟ್ಟಿಕೊಂಡಾಗ, ಸೋಂಕಾದಾಗ, ಬರೀ ಕಲ್ಲಿದ್ದಾಗಲೂ ಏರುತ್ತದೆ. ಕಾಮಾಲೆ ಇಳಿದ ಮೇಲೆ ಮತ್ತೆ ನೋಡಬೇಕು. ನೂರರಲ್ಲಿ ಐದರಿಂದ ಹತ್ತು ಮಂದಿಯ ಮೈ ಹುಟ್ಟಿನಿಂದಲೇ ಅದನ್ನು ಮಾಡುವುದಿಲ್ಲ, ಅಂಥವರಿಗೆ ಕ್ಯಾನ್ಸರ್ ಇದ್ದರೂ ಅದು ಏರದು. ಬ್ರಷ್ಷಿನ ಕಥೆ ಇನ್ನೂ ಬೇರೆ. ಈ ಗಡ್ಡೆ ಉಂಡೆಯಾಗಿ ಬೆಳೆಯುವುದಕ್ಕಿಂತ ನಾಳದ ಗೋಡೆಯ ಉದ್ದಕ್ಕೂ ಹಬ್ಬುವುದು ಹೆಚ್ಚು. ಅದರಲ್ಲಿ ಗಟ್ಟಿ ನಾರೇ ಜಾಸ್ತಿ, ಕ್ಯಾನ್ಸರ್ ಕೋಶಗಳು ಆ ನಾರಿನ ನಡುವೆ ಅಲ್ಲಲ್ಲಿ ಚದುರಿರುತ್ತವೆ. ಮೇಲೆ ಉಜ್ಜಿದರೆ ಸಿಗುವುದು ಕೆಲವೇ ಕೋಶ. ಕ್ಯಾನ್ಸರ್ ಇರುವವರಲ್ಲೂ ಬ್ರಷ್ ಅದನ್ನು ಹಿಡಿಯುವುದು ಸುಮಾರು ಅರ್ಧ ಮಂದಿಯಲ್ಲಿ, ಕೆಲವೊಮ್ಮೆ ಅದಕ್ಕೂ ಕಡಿಮೆ. ಪಾಸಿಟಿವ್ ಬಂದರೆ ಹೆಚ್ಚುಕಡಿಮೆ ಖಂಡಿತ. ನೆಗೆಟಿವ್ ಬಂದರೆ ಏನೂ ಹೇಳಿದ ಹಾಗಲ್ಲ.

‘ಹಾಗಾದರೆ ಹೊರಗಿನಿಂದ ಸೂಜಿ ಹಾಕಿ ತುಂಡು ತೆಗೆಯಬಾರದಾ ಡಾಕ್ಟ್ರೇ?’ ಅಂತ ಭಾವ ಕೇಳಿದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಈ ಜಾಗದ ಗಡ್ಡೆಗೆ, ಆಪರೇಷನ್ ಆಗಬಹುದು ಅನ್ನುವ ಆಸೆ ಇರುವಾಗ, ಹಾಗೆ ಮಾಡುವುದಿಲ್ಲ ಅಂದರು. ಸೂಜಿ ಹೋದ ದಾರಿಯಲ್ಲಿ ಕೋಶಗಳು ಉದುರಿ ಹೊಟ್ಟೆಯೊಳಗೆ ಬೇರು ಬಿಡುವ ಅಪಾಯ ಉಂಟು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಇಂಥ ಕೆಲವರಿಗೆ ಲಿವರ್ ಕಸಿ ಮಾಡುವ ಕ್ರಮ ಇದೆ. ಹೊಟ್ಟೆಯ ಮೂಲಕ ಗಡ್ಡೆಗೆ ಸೂಜಿ ಹಾಕಿಸಿಕೊಂಡವರನ್ನು ಅವರು ಆ ಪಟ್ಟಿಗೆ ಸೇರಿಸುವುದೇ ಇಲ್ಲ. ಉಳಿದದ್ದು ನಾಳದ ಒಳಗೆ ಕ್ಯಾಮೆರಾ ಇಳಿಸಿ, ನೋಡಿಕೊಂಡೇ ಚೂರು ಕೀಳುವುದು. ಅದನ್ನೂ ಮಾಡಿದರು. ಬಂದ ಉತ್ತರ ‘ಅನುಮಾನ ಇದೆ, ಖಚಿತ ಹೇಳಲಾಗದು’. ಜೊತೆಗೆ ಐಜಿಜಿ4 ಅನ್ನುವ ರಕ್ತಪರೀಕ್ಷೆ. ಅದರ ಹೆಸರಿನದ್ದೇ ಒಂದು ಕಾಯಿಲೆಯಲ್ಲಿ ನಾಳ ಇದೇ ಥರ ಬಿಗಿಯುತ್ತದೆ, ಸ್ಕ್ಯಾನಿನಲ್ಲಿ ಕ್ಯಾನ್ಸರಿನ ಹಾಗೇ ಕಾಣುತ್ತದೆ, ಆದರೆ ಸ್ಟಿರಾಯ್ಡ್ ಕೊಟ್ಟರೆ ಸಡಿಲವಾಗುತ್ತದೆ. ನಾವೆಲ್ಲ ಅದೇ ಆಗಿರಲಿ ಅಂತ ಕಾದೆವು. ಅದು ಸರಿಯಾಗಿಯೇ ಇತ್ತು.

ಮೀನಿನ ಮಾತು

ಈ ನಡುವೆ ‘ಯಾಕೆ ಬಂತು’ ಅನ್ನುವುದು ಮನೆಗೆ ಬಂದವರೆಲ್ಲರ ಪ್ರಶ್ನೆ. ಯಾರೋ ಎಲ್ಲಿಯೋ ಓದಿ, ಮೀನಿನಿಂದ ಪಿತ್ತನಾಳದ ಕ್ಯಾನ್ಸರ್ ಬರುತ್ತದೆ ಅಂದರು. ಅತ್ತೆ ಬಂಗುಡೆ, ಬೂತಾಯಿ ತರುವುದನ್ನೇ ನಿಲ್ಲಿಸಿದರು. ಆ ಮಾತಿನ ಮೂಲ ಇರುವುದು ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ. ಅಲ್ಲಿ ಹೊಳೆಯ, ಕೆರೆಯ ಸಣ್ಣ ಮೀನುಗಳನ್ನು ಹಸಿಯಾಗಿ ಅಥವಾ ಹುಳಿ ಬರಿಸಿ ತಿನ್ನುವ ರೂಢಿ ಇದೆ. ಅದರೊಳಗಿನ ಚಪ್ಪಟೆ ಹುಳ ಪಿತ್ತನಾಳ ಸೇರಿ ವರ್ಷಗಟ್ಟಲೆ ಕೂತು ಗೋಡೆ ಕೆರಳಿಸುತ್ತದೆ. ಪಶ್ಚಿಮದ ದೇಶಗಳಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಈ ಕ್ಯಾನ್ಸರ್ ಅಲ್ಲಿನ ಕೆಲವು ಭಾಗದಲ್ಲಿ ಲಕ್ಷಕ್ಕೆ 80ಕ್ಕೂ ಮೇಲೆ ದಾಖಲಾಗಿದೆ. ನಮ್ಮದು ಕಡಲ ಮೀನು, ಅದೂ ಕುದಿಸಿದ ಸಾರು. ಆ ಹುಳಕ್ಕೂ ನಮ್ಮ ಬಂಗುಡೆಗೂ ಸಂಬಂಧ ಇಲ್ಲ. ಜಪಾನಿನ ಒಸಾಕಾದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಎಳೆ ವಯಸ್ಸಿನ ಕೆಲಸಗಾರರಿಗೆ ಇದು ಸಾಲಾಗಿ ಬಂದಾಗ, ಶಾಯಿ ಒರೆಸುವ ರಾಸಾಯನಿಕ ಕಾರಣ ಅಂತ ಗೊತ್ತಾಯಿತು. ನಾಳಗಳಲ್ಲಿ ಬಹುಕಾಲದ ಉರಿಯೂತ, ಲಿವರಿನ ಒಳಗಿನ ಕಲ್ಲು, ಹುಟ್ಟಿನಿಂದ ಬಂದ ನಾಳದ ಚೀಲ, ಹೆಪಟೈಟಿಸ್ ಬಿ ಮತ್ತು ಸಿ ಇವೂ ಕಾರಣವಾಗಬಹುದು. ಮಾವನಿಗೆ ಇದರಲ್ಲಿ ಒಂದೂ ಇರಲಿಲ್ಲ. ಹೆಚ್ಚಿನ ರೋಗಿಗಳಲ್ಲಿ ಕಾರಣ ಸಿಗುವುದೇ ಇಲ್ಲ. ಡಾಕ್ಟರು ಅತ್ತೆಗೆ ‘ನಿಮ್ಮ ಅಡುಗೆಯಿಂದ ಬಂದದ್ದಲ್ಲಮ್ಮ’ ಅಂತ ಹೇಳಿದ ಮೇಲೆ ಮನೆಯಲ್ಲಿ ಮತ್ತೆ ಮೀನು ಬಂತು.

ಗೊತ್ತಿಲ್ಲದೆಯೇ ಹೂಂ ಅನ್ನುವುದು

ಕ್ಯಾನ್ಸರ್ ಅಂತ ಒಂದು ಕಾಗದವೂ ಹೇಳದೆ ಇರುವಾಗ ಅರ್ಧಕ್ಕಿಂತ ಹೆಚ್ಚು ಲಿವರ್ ತೆಗೆಯುವ ಆಪರೇಷನ್ನಿಗೆ ಸಹಿ ಹಾಕಬೇಕಿತ್ತು. ಡಾಕ್ಟರುಗಳೆಲ್ಲ ಸೇರಿ ಕೂತು ಚಿತ್ರ, ರಕ್ತ, ಕಾಮಾಲೆ ಇಳಿದ ಮೇಲೂ ಪೂರ್ತಿ ಇಳಿಯದ ಸಿಎ 19-9, ಎಲ್ಲ ನೋಡಿ ಮಾಡಿದ ತೀರ್ಮಾನ ಅದು. ಸರ್ಜನ್ ಏನನ್ನೂ ಮುಚ್ಚಿಡಲಿಲ್ಲ. ಹೀಗೆ ಅನುಮಾನದ ಮೇಲೆ ಆಪರೇಷನ್ ಮಾಡಿಸಿಕೊಂಡ ಹತ್ತು ಮಂದಿಯಲ್ಲಿ ಒಬ್ಬರಿಗಾದರೂ ಕೊನೆಗೆ ಕ್ಯಾನ್ಸರ್ ಅಲ್ಲ ಅಂತ ಬರುತ್ತದೆ ಅಂದರು. ‘ಹಾಗೆ ಬಂದರೆ ನನಗೆ ಬೈಯಬೇಡಿ, ಖುಷಿಪಡಿ. ಖಚಿತ ಆಗಲಿ ಅಂತ ಕಾದರೆ ಆಪರೇಷನ್ನಿನ ಸಮಯ ದಾಟುತ್ತದೆ.’ ಭಾವನಿಗೆ ಇದನ್ನು ಒಪ್ಪಲು ತುಂಬಾ ಕಷ್ಟವಾಯಿತು. ರಿಪೋರ್ಟ್ ಅಂದರೆ ಕೊನೆಯ ಮಾತು ಅಂತ ನಂಬಿ ಬೆಳೆದವರು ನಾವು. ಇನ್ನೊಂದು ಕಡೆ ತೋರಿಸೋಣ, ಬಯಾಪ್ಸಿ ಇನ್ನೊಮ್ಮೆ ಮಾಡಿಸೋಣ ಅಂತ ಅವರು ಹೇಳುತ್ತಲೇ ಇದ್ದರು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಒಳ್ಳೆಯದೇ, ಕೇಳಿದೆವು ಕೂಡ. ಆದರೆ ‘ನೆಗೆಟಿವ್ ಬಂದಿದೆ, ಮತ್ತೇಕೆ ಕೊಯ್ಯಬೇಕು’ ಅಂತ ಮನೆಗೆ ಹೋದವರ ಕಥೆಗಳನ್ನು ಆ ವಾರ್ಡಿನಲ್ಲೇ ಕೇಳಿದೆ. ಕೆಲವು ತಿಂಗಳ ನಂತರ ಅವರು ಮತ್ತೆ ಹಳದಿಯಾಗಿ ಬರುತ್ತಾರೆ. ಆಗ ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿರುತ್ತದೆ. ಅಂಥವರಿಗೆ ಕಿಮೋ ಇದೆ. 2010ರಿಂದ ಜೆಮ್ಸಿಟಾಬಿನ್ ಮತ್ತು ಸಿಸ್‌ಪ್ಲಾಟಿನ್ ಜೋಡಿ, 2022ರಿಂದ ಅದರ ಜೊತೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯೂನೋಥೆರಪಿಯೂ ಬಂದಿದೆ. ಆಯಸ್ಸು ತಿಂಗಳುಗಳಲ್ಲಿ ಬೆಳೆಯುತ್ತದೆ. ಪೂರ್ತಿ ವಾಸಿಯಾಗುವ ಆಸೆ ಇಟ್ಟುಕೊಳ್ಳಲು ಆಪರೇಷನ್ ಬೇಕು.

ಕೊನೆಗೆ ಹೂಂ ಅಂದದ್ದು ಮಾವ. ಆದರೆ ತಕ್ಷಣ ಆಪರೇಷನ್ ಮಾಡುವ ಹಾಗಿರಲಿಲ್ಲ. ತೆಗೆಯಬೇಕಾದ ಬಲಭಾಗದ ಲಿವರಿಗೆ ಹೋಗುವ ರಕ್ತನಾಳವನ್ನು ಮೊದಲು ಒಳಗಿನಿಂದಲೇ ಮುಚ್ಚಿದರು. ಆಗ ರಕ್ತವೆಲ್ಲ ಎಡಭಾಗಕ್ಕೆ ಹೋಗಿ ಅದು ಕೆಲವು ವಾರಗಳಲ್ಲಿ ದೊಡ್ಡದಾಗುತ್ತದೆ. ಉಳಿಯುವ ಆ ಭಾಗವೇ ಮುಂದೆ ಇಡೀ ಮೈಯನ್ನು ಸಾಗಿಸಬೇಕಲ್ಲ. ಆ ವಾರಗಳಲ್ಲಿ ಮಾವ ತೋಟದಲ್ಲಿ ನಿಧಾನ ತಿರುಗಾಡಿದರು, ಚೆನ್ನಾಗಿ ಉಂಡರು. ಪಿತ್ತ ಕರುಳಿಗೆ ಹೋಗದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಅದರ ಇಂಜೆಕ್ಷನ್ನೂ ಆಯಿತು. ಆಪರೇಷನ್ ದಿನವಿಡೀ ನಡೆಯಿತು.

ತೆಗೆದ ಭಾಗವನ್ನು ಪೂರ್ತಿ ಸೀಳಿ ನೋಡಿದ ಮೇಲೆ ಬಂದ ರಿಪೋರ್ಟಿನಲ್ಲಿ ಕೊಲಾಂಜಿಯೋಕಾರ್ಸಿನೋಮಾ ಅನ್ನುವ ಪದ ಮೊದಲ ಸಲ ಯಾವ ಅನುಮಾನವೂ ಇಲ್ಲದೆ ಇತ್ತು. ಕತ್ತರಿಸಿದ ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲ, ಒಂದು ದುಗ್ಧಗ್ರಂಥಿಯಲ್ಲಿ ಇದೆ ಅಂತ ಬರೆದಿತ್ತು. ಭಾವ ಅದನ್ನು ಹಿಡಿದುಕೊಂಡು ತುಂಬಾ ಹೊತ್ತು ಓದಿದರು. ನಂತರ ಆರು ತಿಂಗಳು ಕೆಪೆಸಿಟಬಿನ್ ಅನ್ನುವ ಕಿಮೋ ಮಾತ್ರೆ. ಅದರಿಂದ ಮಾವನ ಅಂಗೈ, ಅಂಗಾಲಿನ ಚರ್ಮ ಕೆಂಪಾಗಿ ಸುಲಿಯಿತು. ತೆಂಗಿನೆಣ್ಣೆ ಹಚ್ಚಿಕೊಂಡು ತಡೆದುಕೊಂಡರು. ಈಗ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್. ಕಾಮಾಲೆ ಇಲ್ಲದ ಕಾರಣ ಸಿಎ 19-9 ಈಗ ನಂಬಬಹುದಾದ ಅಂಕೆ ಅಂತ ಡಾಕ್ಟರು ಹೇಳುತ್ತಾರೆ. ಇಷ್ಟರವರೆಗೆ ಅದು ಏರಿಲ್ಲ.

ಇನ್ನೊಂದು ವಿಷಯ, ಬೇರೆ ಮನೆಯವರಿಗೆ ಉಪಯೋಗವಾಗಬಹುದು. ತೆಗೆದ ಗಡ್ಡೆಯ ಚೂರನ್ನು ಮೇಣದ ಬ್ಲಾಕಿನಲ್ಲಿ ಹಾಕಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದರಿಂದ ಜೀನ್ ಪರೀಕ್ಷೆ ಮಾಡಿಸಬಹುದು. ಎಫ್‌ಜಿಎಫ್‌ಆರ್2, ಐಡಿಎಚ್1 ಮುಂತಾದ ಜೀನ್‌ಗಳಲ್ಲಿ ಬದಲಾವಣೆ ಇದ್ದರೆ, ಮುಂದೆ ಕಾಯಿಲೆ ಮರಳಿದಾಗ ಅದಕ್ಕೇ ಗುರಿಯಿಟ್ಟ ಮಾತ್ರೆಗಳಿವೆ. ಎಫ್‌ಜಿಎಫ್‌ಆರ್2ಕ್ಕೆ ಗುರಿಯಿಟ್ಟ ಮೊದಲ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಈ ಬದಲಾವಣೆಗಳು ಹೆಚ್ಚಾಗಿ ಸಿಗುವುದು ಲಿವರಿನ ಒಳಗಿನ ಗಡ್ಡೆಗಳಲ್ಲಿ, ಮಾವನದ್ದು ಬಾಗಿಲಿನದ್ದು. ಹಾಗಾಗಿ ಡಾಕ್ಟರು ದೊಡ್ಡ ಆಸೆ ಏನೂ ಹುಟ್ಟಿಸಲಿಲ್ಲ. ಆದರೂ ಕೇಳಿದ್ದಕ್ಕೆ ಬ್ಲಾಕ್ ಕೊಟ್ಟರು, ಪರೀಕ್ಷೆಗೆ ಕಳಿಸಿದ್ದೇವೆ.